ಕಾಡಿಗೇ ಗೊತ್ತಾಗದ ಮನೆ

ಕಾಡಿನ ನಡುವೆ ಹಲಗೆಯಲ್ಲಿ ಕಟ್ಟಿದ ಮತ್ತೊಂದು ಮರದ ಮನೆಗೆ ಪ್ರಶಸ್ತಿ ಬಂದಿದೆ. ಫೋಟೋ ನೀವೂ ನೋಡಿರುತ್ತೀರಿ. ಪ್ರಕೃತಿಯ ಜೊತೆ ಎಷ್ಟು ಬೆರೆತಿದೆ ಅಂದರೆ, ಮನೆ ಎಲ್ಲಿದೆ ಅಂತ ಹುಡುಕಬೇಕಂತೆ. ನನಗೆ ಮನೆ ತಟ್ಟನೆ ಕಂಡಿತು. ಹುಡುಕಿದರೂ ಸಿಗದಿದ್ದದ್ದು ಮರಗಳು. ಲಾರಿ ಹೋಗಲು ದಾರಿ ಬೇಕಲ್ಲ, ಕಡಿದಿದ್ದಾರೆ. ಗೋಡೆಯ ಮರ ಮಾತ್ರ ಹಡಗು ಹತ್ತಿ ಬಂದಿದೆ. ಆ ಜಾಗದ ಮರ ಆ ಜಾಗಕ್ಕೆ ಹೊಂದಲಿಲ್ಲವೇನೋ!

ಗಾಜಿನ ಗೋಡೆಗಳಂತೂ ಅದ್ಭುತ. ಒಳಗೆ, ಹೊರಗೆ ಅನ್ನುವ ಭೇದವೇ ಇಲ್ಲ. ಹಕ್ಕಿಗಳೂ ಇದನ್ನು ನಂಬಿ, ಗಾಜಿನಲ್ಲಿ ಕಂಡ ಆಕಾಶಕ್ಕೆ ಹಾರಿ ಬಡಿದು ಬೀಳುತ್ತವೆ. ಅಮೆರಿಕ ಒಂದರಲ್ಲೇ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ 2014ರ ಅಧ್ಯಯನವೊಂದರ ಅಂದಾಜು. ಗಗನಚುಂಬಿಗಳ ಪಾಲು ಅದರಲ್ಲಿ ಶೇ. 1 ಕೂಡ ಇಲ್ಲ. ಶೇ. 44ರಷ್ಟು ಸಾಯುವುದು ಒಂದರಿಂದ ಮೂರು ಮಹಡಿಯ ಮನೆಗಳಿಗೆ ಬಡಿದು.

ಈ ಹುಚ್ಚಿಗೆಲ್ಲ ಹಿರಿಯಣ್ಣ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಫಾಲಿಂಗ್‌ವಾಟರ್ ಅನ್ನುವ ಮನೆ. ಅದು ಮರದ್ದಲ್ಲ, ಕಲ್ಲು ಕಾಂಕ್ರೀಟಿನದು, ಇರಲಿ. ಜಲಪಾತ ಕಾಣುವ ಹಾಗೆ ಮನೆ ಕಟ್ಟಿಕೊಡಿ ಅಂದರು ಮಾಲೀಕರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ನೆತ್ತಿಯ ಮೇಲೇ ಕಟ್ಟಿದ. ಮನೆಯೊಳಗೆ ಕೂತರೆ ಜಲಪಾತ ಕಾಣದು, ಸದ್ದು ಮಾತ್ರ ಕೇಳುತ್ತದೆ. ನೀರು ಬೇಕಿದ್ದರೆ ಚಾವಣಿಯಿಂದ ಸೋರುತ್ತಿತ್ತು. ಮಾಲೀಕರೇ ಅದನ್ನು ಏಳು ಬಕೆಟ್ಟಿನ ಮನೆ ಅಂತ ಕರೆದರಂತೆ. ಕೆಳಗೆ ಆಸರೆಯಿಲ್ಲದೆ ಹೊರಕ್ಕೆ ಚಾಚಿ, ಜೋತುಬಿದ್ದಿದ್ದ ಕಾಂಕ್ರೀಟ್ ಭಾಗಗಳನ್ನು 2002ರಲ್ಲಿ ಉಕ್ಕಿನ ಕೇಬಲ್ ಹಾಕಿ ಬಿಗಿಯಬೇಕಾಯಿತು. ಆದರೂ ಫೋಟೋ ಚೆನ್ನಾಗಿದೆ, ಅಲ್ವಾ?

ನಮ್ಮ ಮರದ ಮನೆಯೂ ಒಂದಲ್ಲ ಒಂದು ದಿನ ನಿಜವಾಗಿಯೇ ಪ್ರಕೃತಿಯ ಜೊತೆ ಬೆರೆಯಲು ಹೊರಡುತ್ತದೆ. ಬಿಸಿಲಿಗೆ ಹಲಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮರದೊಳಗಿನ ತೇವ ಶೇ. 20 ದಾಟಿ ನಿಂತರೆ ಶಿಲೀಂಧ್ರ ಬರುತ್ತದೆ, ಹಿಂದೆಯೇ ಗೆದ್ದಲು. ಆಗ ನೋಡಬೇಕು ಮಾಲೀಕರ ಗಾಬರಿ! ಎಣ್ಣೆ ಬಳಿಯುವವನು ಬರುತ್ತಾನೆ, ಔಷಧಿ ಹೊಡೆಯುವವನು ಬರುತ್ತಾನೆ. ಪ್ರಕೃತಿ ಕಿಟಕಿಯಾಚೆ ಸುಮ್ನೆ ನಿಂತಿರಬೇಕು, ಗೋಡೆ ಮುಟ್ಟಬಾರದು.

ಸಾಕಾಗಿದೆ. ಮರದ ಮನೆ ಕೆಟ್ಟದ್ದೇನಲ್ಲ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಮನೆ ನೂರು ವರ್ಷ ನಿಂತರೆ ಅದೂ ಗಾಳಿಗೆ ಸೇರದೆ ಅಷ್ಟು ವರ್ಷ ಅಲ್ಲೇ ಇರುತ್ತದೆ. ನಿಲ್ಲಿಸುವುದು ದೊಡ್ಡ ವಿದ್ಯೆಯೂ ಅಲ್ಲ. ಹಲಗೆ ನೆಲಕ್ಕೆ ತಾಗದಂತೆ ಎತ್ತರದ ತಳಪಾಯ ಬೇಕು. ಮಳೆ ಗೋಡೆಗೆ ಹೊಡೆಯದಂತೆ ಚಾವಣಿಯಂಚು ಗೋಡೆಯಾಚೆ ಚಾಚಿದ ಅಗಲವಾದ ಸೂರು ಬೇಕು. ಈ ಮನೆಗೆ ಸೂರೇ ಇಲ್ಲ. ಪೆಟ್ಟಿಗೆ ಹಾಗೆ ಕತ್ತರಿಸಿ ನಿಲ್ಲಿಸಿದ್ದಾರೆ. ಹತ್ತಿಪ್ಪತ್ತು ವರ್ಷಕ್ಕೆ ಕೊಳೆಸುವುದಕ್ಕಾದರೆ ಆ ಮರಗಳನ್ನು ಯಾಕೆ ಕಡಿದಿರಿ? ಸೂರು ಇಡಿ ಸ್ವಾಮಿ ಅಂತ ಬಡಗಿ ಹೇಳಿಯೇ ಇರುತ್ತಾನೆ. ಫೋಟೋದಲ್ಲಿ ಗೆರೆ ನೇರ ಬರುವುದಿಲ್ಲ ಅಂತ ಬೇಡ ಅಂದಿರುತ್ತಾರೆ.