ಐದು ಸೆಕೆಂಡಿಗೊಮ್ಮೆ ಹಾಲು ಉಕ್ಕಿತು

ಒಬ್ಬನೇ ಕೂತು ಇಡೀ ಕಛೇರಿ ನಡೆಸಬಹುದು ಅನ್ನೋದೇ ಲೈವ್ ಲೂಪಿಂಗ್‌ನ ಆಕರ್ಷಣೆ. ಖಂಜಿರದಲ್ಲಿ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು ನುಡಿಸಿ, ಕಾಲಲ್ಲಿ ಪೆಡಲ್ ಒತ್ತಿದರೆ ಅದು ತಾನಾಗಿ ಸುತ್ತುತ್ತಾ ಇರುತ್ತದೆ. ಅದರ ಮೇಲೆ ಬಾಯಲ್ಲಿ ತಾಳದ ಅಕ್ಷರ ಹೇಳೋ ಕೊನ್ನಕ್ಕೋಲು, ಅದರ ಮೇಲೆ ಪುಟ್ಟ ಗಿಟಾರಿನಂಥ ಯುಕುಲೆಲೆ, ಕೊನೆಗೆ ಹಾಡು. ಪಕ್ಕವಾದ್ಯದವರು ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡಿದ್ದಾರೆ ಅನ್ನೋ ತಾಪತ್ರಯ ಇಲ್ಲ. ಅವರಿಗೆ ಕಾಫಿ, ಆಟೋ ಚಾರ್ಜಿನ ಮಾತೂ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಸಂಗೀತಗಾರ ಟೆರಿ ರೈಲಿ ಇದೇ ಕೆಲಸಕ್ಕೆ ಎರಡು ಟೇಪ್ ರೆಕಾರ್ಡರ್ ಪಕ್ಕಪಕ್ಕ ಇಟ್ಟು, ಒಂದರ ಟೇಪನ್ನು ಇನ್ನೊಂದಕ್ಕೆ ಹಾಯಿಸುತ್ತಿದ್ದರು. ನಮಗೆ ಜೇಬಲ್ಲೇ ಫೋನ್ ಇದೆ. ಒಂದು ಆ್ಯಪ್ ಹಾಕಿಕೊಂಡರೆ ಮುಗೀತು.

ಮುಗೀತು ಅಂತ ಹೇಳೋದು ಆ್ಯಪ್ ಮಾರುವವರು. ಫೋನಿನ ಮೈಕು ಮಾತಿಗಾಯಿತು, ಹಾಡಿಗೆ ಸಾಲದು. ಅದಕ್ಕೆ ಒಂದು ಕಂಡೆನ್ಸರ್ ಮೈಕ್ ಬಂತು. ಮೈಕಿಗೆ 48 ವೋಲ್ಟ್ ಬೇಕು, ಅದನ್ನು ಕೊಟ್ಟು ಮೈಕನ್ನು ಫೋನಿಗೆ ಜೋಡಿಸೋ ಪೆಟ್ಟಿಗೆ, ಆಡಿಯೊ ಇಂಟರ್‌ಫೇಸ್ ಬಂತು. ಅದನ್ನು ಸಿಕ್ಕಿಸಿದ್ದೇ ತಡ, ಇದಕ್ಕೆ ಜಾಸ್ತಿ ಕರೆಂಟ್ ಬೇಕು, ನನ್ನ ಕೈಲಾಗಲ್ಲ ಅಂತ ಫೋನ್ ಪರದೆಯ ಮೇಲೇ ಬರೆದು ಕೈ ಎತ್ತಿತು. ಸರಿ, ಕರೆಂಟ್ ಕೊಡೋಕೆ ಯುಎಸ್‌ಬಿ ಹಬ್, ಹಬ್ಬಿಗೆ ಅಡಾಪ್ಟರ್, ಅಡಾಪ್ಟರಿಗೆ ಎಕ್ಸ್‌ಟೆನ್ಶನ್ ಬಾಕ್ಸ್. ಜೇಬಲ್ಲಿದ್ದ ಕಛೇರಿ ತರಕಾರಿ ಚೀಲದಲ್ಲೂ ಹಿಡಿಸದೆ ಟ್ರಾಲಿ ಸೂಟ್‌ಕೇಸ್ ಸೇರಿತು.

ಇಷ್ಟೊಂದು ವೈರ್ ನೋಡಿ, ಕೊನೇಪಕ್ಷ ಕಿವಿಗಾದರೂ ವೈರ್ ಬೇಡ ಅಂತ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡೆ. ನುಡಿಸೋದು ಈಗ, ಕೇಳಿಸೋದು ಆಮೇಲೆ. ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡ ಆಗೋದು ಮಾಮೂಲು. ಕಣ್ಣು ಮಿಟುಕಿಸೋ ಹೊತ್ತು, ಅದೇನು ಮಹಾ ಅನ್ನಿಸಬಹುದು. ಆದರೆ ನಿಮಿಷಕ್ಕೆ 96 ಏಟಿನ ನಡೆಯಲ್ಲಿ 'ತಕಧಿಮಿ'ಯ ಒಂದೊಂದು ಅಕ್ಷರಕ್ಕೆ ಸಿಗೋದೂ ಸುಮಾರು 156 ಮಿಲಿಸೆಕೆಂಡ್. ನಾನು 'ಕ' ಅಂದಾಗ ಕಿವಿಯಲ್ಲಿ 'ತ', ನಾನು 'ಮಿ'ಗೆ ಬಂದಾಗ ಅದು 'ಧಿ'. ನನ್ನ ಜೊತೆ ನಾನೇ ಜಗಳ ಆಡಿದ ಹಾಗಿತ್ತು. ಮತ್ತೆ ವೈರಿನ ಹೆಡ್‌ಫೋನೇ ಗತಿ. ಅದಕ್ಕೊಂದು ಕನ್ವರ್ಟರ್ ಪಿನ್ನು, ಅದು ಸೂಟ್‌ಕೇಸಿನ ಯಾವ ಮೂಲೆಯಲ್ಲಿದೆ ಅಂತ ಇವತ್ತಿಗೂ ಗೊತ್ತಿಲ್ಲ, ಹೊಸದೊಂದು ಕೊಂಡುಕೊಂಡೆ.

ಬೇರೆ ಸಂಗೀತದಲ್ಲಿ ಅಪಸ್ವರ ಬಂದರೆ ಬಂತು, ಹೋದರೆ ಹೋಯಿತು. ಲೂಪಿಂಗ್‌ನಲ್ಲಿ ಹಾಗಲ್ಲ. ಒಂದು ಸಲ ಒಳಗೆ ಹೋದದ್ದು ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಅಲ್ಲೇ ಕೂರುತ್ತದೆ. ಕಂಡೆನ್ಸರ್ ಮೈಕಿಗೆ ಕಿವಿ ಬಹಳ ಚುರುಕು ಬೇರೆ. ಹಾಲ್‌ನಲ್ಲಿ ಕೂತು ಆದಿ ತಾಳದ ಆವರ್ತ ತುಂಬಿಸುತ್ತಿದ್ದೆ. ಎಂಟು ಏಟು, ಸರಿಯಾಗಿ ಐದು ಸೆಕೆಂಡ್. ಐದನೇ ಏಟಿಗೆ ದೇವರ ಮನೆಯಿಂದ ಅಮ್ಮ, "ಲೋ, ಹಾಲು ಉಕ್ತಾ ಇದೆ ನೋಡೋ!" ಅಂದರು. ಓಡಿಹೋಗಿ ಗ್ಯಾಸ್ ಆರಿಸಿ ಬಂದೆ. ಅಷ್ಟರಲ್ಲಿ ಹೆಡ್‌ಫೋನ್ ವೈರು ಕಾಲಿಗೆ ಸಿಕ್ಕಿ ಕಿತ್ತುಬಂದಿತ್ತು, ಸದ್ದೆಲ್ಲ ಸ್ಪೀಕರಿಗೆ ಹೋಗಿತ್ತು. ಐದು ಸೆಕೆಂಡಿಗೊಮ್ಮೆ ಹಾಲು ಉಕ್ಕುತ್ತಿತ್ತು. ತಾಳಕ್ಕೆ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಅನ್ನೋದನ್ನ ಇಲ್ಲಿ ಹೇಳಲೇಬೇಕು. "ಒಂದ್ಸಲ ಹೇಳಿದ್ದಕ್ಕೆ ಹಿಂಗೆ ಅಣಕಿಸ್ತೀಯಾ?" ಅಂತ ಅಮ್ಮ ಮಧ್ಯಾಹ್ನದವರೆಗೂ ಮಾತಾಡಿಸಲಿಲ್ಲ.

ಇಷ್ಟಾದರೂ ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಕಾರ್ಯಕ್ರಮಕ್ಕೆ ಹೆಸರು ಕೊಟ್ಟೆ. ಹಾಡಿನ ನಡುವೆ ಫೋನ್ ಬಂದರೆ ಕಥೆ ಮುಗಿದ ಹಾಗೇ, ಅದಕ್ಕೆ ಏರೋಪ್ಲೇನ್ ಮೋಡ್ ಹಾಕಿದೆ. ಅದು ಬ್ಲೂಟೂತನ್ನೂ ಕರೆದುಕೊಂಡು ಹೋಯಿತು. ಪೆಡಲ್ ಇದ್ದದ್ದು ಬ್ಲೂಟೂತ್‌ನಲ್ಲೇ ಅಲ್ವಾ! ಮತ್ತೆ ಆನ್ ಮಾಡಿ, ಪೆಡಲನ್ನು ಹುಡುಕಿ ಜೋಡಿಸುವಷ್ಟರಲ್ಲಿ ಸಭೆ ಆಕಳಿಸಿ ಮುಗಿಸಿತ್ತು. ಖಂಜಿರದ ಚರ್ಮ ಬಿಗಿಯಾಗಿತ್ತು, ಶ್ರುತಿ ಇಳಿಸೋಕೆ ಒಳಗಡೆ ನೀರು ಸವರಿದೆ. ಅದು ವಾಡಿಕೆ, ಎಲ್ಲರೂ ಮಾಡೋದೇ.

ಮೊದಲ ಪದರ ಚೆನ್ನಾಗಿ ಬಂತು. ಎರಡನೆಯದು ಕೊನ್ನಕ್ಕೋಲು. ಪೆಡಲ್ ಒತ್ತಿ 'ತಕಧಿಮಿ' ಶುರು ಮಾಡಿದ್ದೆ ಅಷ್ಟೇ. ಪಕ್ಕದಲ್ಲಿ ಸಂಘದ ಕಾರ್ಯದರ್ಶಿಗಳು ಇನ್ನೊಂದು ಮೈಕ್ ಹಿಡಿದು, "ಗೇಟ್ ಮುಂದೆ ಬಿಳಿ ಕಾರ್ ನಿಲ್ಸಿರೋರು ದಯವಿಟ್ಟು ತೆಗೀರಿ" ಅಂದರು. ಐದು ಸೆಕೆಂಡ್ ಆದ ಮೇಲೆ ಮತ್ತೆ ಅಂದರು. ಆಮೇಲೆ ಅನ್ನುತ್ತಲೇ ಇದ್ದರು, ಬಾಯಿ ಮುಚ್ಚಿಕೊಂಡೇ.

ನಿಲ್ಲಿಸೋಕೆ ಪೆಡಲ್ ಒತ್ತಿದೆ. ಅದು ಅಷ್ಟು ಹೊತ್ತಿಗೆ ಫೋನಿನ ಸಂಗ ಬಿಟ್ಟಿತ್ತು. ಪರದೆ ಮುಟ್ಟಿದೆ. ಖಂಜಿರದ ನೀರು ಇನ್ನೂ ಬೆರಳಲ್ಲಿತ್ತು, ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸುಮ್ನೆ ಅತ್ತಿತ್ತ ಹಾರಾಡಿತು. ಪಂಚೆಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು 'ದಯವಿಟ್ಟು ತೆಗೀರಿ'ಗೆ ಚಪ್ಪಾಳೆ ಹಾಕೋಕೆ ಶುರು ಮಾಡಿದ್ದರು. ಹಿಂದಿನ ಸಾಲಿನ ಒಬ್ಬರು ಎದ್ದು ಓಡಿದ್ದು ಕಾಣಿಸಿತು.

ಸ್ವಲ್ಪ ಹೊತ್ತಿಗೆ ಅವರು ಏದುಸಿರು ಬಿಡುತ್ತಾ ವೇದಿಕೆ ಕೆಳಗೆ ಬಂದು ಕಾರಿನ ಕೀ ಎತ್ತಿ ತೋರಿಸಿದರು. "ತೆಗೆದೆ ಸಾರ್, ಆಗ್ಲೇ ತೆಗೆದೆ! ಇನ್ನೂ ಎಷ್ಟು ಸಲ ಹೇಳ್ತೀರಿ?"

ಅವರ ಹಿಂದೆ ಇನ್ನಿಬ್ಬರು ಬಿಳಿ ಕಾರಿನವರು ಕೀ ಹಿಡಿದು ನಿಂತಿದ್ದರು.