ಸೂರ್ಯನಿಗೆ ಟಿಕೆಟ್, ಧೂಳು ಉಚಿತ

ಕಾಂಬೋಡಿಯಾದ ಸಿಯೆಂ ರೀಪ್ ಪಟ್ಟಣದ ಅಕ್ಷಾಂಶ 13.36 ಡಿಗ್ರಿ ಉತ್ತರ. ತುಮಕೂರಿನದು 13.34. ಹಾಗಾಗಿ ಅಲ್ಲಿನ ಗದ್ದೆಯಂಚಿಗೆ ಇಳಿದ ಸೂರ್ಯನೇ ಸುಮಾರು ಒಂದೂ ಮುಕ್ಕಾಲು ಗಂಟೆ ತಡವಾಗಿ, ಅದೇ ಓರೆಯಲ್ಲಿ, ತುಮಕೂರಿನ ಕೆರೆ ಏರಿಯ ಹಿಂದೆಯೂ ಇಳಿಯುತ್ತಾನೆ. ತುಮಕೂರಿನಲ್ಲಿ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದ ಸೂರ್ಯನನ್ನು ಯಾರು ನೋಡುತ್ತಾರೆ?

ಸಿಯೆಂ ರೀಪ್‌ನಲ್ಲಿ ಅವನು ಮುಳುಗುವುದನ್ನು ನೋಡುವುದಕ್ಕೆ ಶಾಸ್ತ್ರೋಕ್ತ ಕ್ರಮವೊಂದಿದೆ. ನಾಲ್ಕು ಚಕ್ರದ ಕ್ವಾಡ್ ಬೈಕ್ ಏರಬೇಕು, ಹತ್ತಾರು ತಲೆ ಕಂಡ ಹೆಲ್ಮೆಟ್ಟನ್ನು ತಾವೂ ಧರಿಸಬೇಕು, ಮೂಗು ಬಾಯಿ ಕಟ್ಟಿಕೊಳ್ಳಬೇಕು, ಗೈಡಿನ ಹಿಂದೆ ಸಾಲಾಗಿ ಹಳ್ಳಿಗಳ ಮೂಲಕ ಹೋಗಬೇಕು. ಒಂದು ಗಂಟೆಯ ಈ ಸವಾರಿಗೆ ಕೊಡುವ ಹಣ ಅಂಕೋರ್ ವಾಟ್ ದೇವಾಲಯದ ಒಂದು ದಿನದ ಪಾಸಿನ ಹತ್ತಿರಕ್ಕೆ ಬರುತ್ತದೆ. ಆ ಪಾಸು 37 ಡಾಲರ್. ಆ ಗುಡಿ ಕಟ್ಟಿಸಿದ ಹನ್ನೆರಡನೆಯ ಶತಮಾನದ ದೊರೆ ಎರಡನೆಯ ಸೂರ್ಯವರ್ಮನಿಗೂ ಸಾಕ್ಷಾತ್ ಸೂರ್ಯನಿಗೂ ಹೆಚ್ಚುಕಡಿಮೆ ಒಂದೇ ದರ. ವ್ಯತ್ಯಾಸವಿಷ್ಟೇ, ಸೂರ್ಯವರ್ಮ ಕಟ್ಟಿಸಿದ್ದು ಕಣ್ಣಿಗೆ ಕಾಣುತ್ತದೆ.

ಮೊದಲು ಗಾಡಿಯ ವಿಚಾರ. ಸುಜುಕಿ ಕಂಪನಿ 1982ರಲ್ಲಿ ನಾಲ್ಕು ಚಕ್ರದ ಕ್ವಾಡನ್ನು ಮಾರುಕಟ್ಟೆಗೆ ತಂದಿತು. ರಸ್ತೆಯಿಲ್ಲದ ಕಡೆ ಹೋಗುವುದೇ ಇದರ ಕಸುಬು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ರೈತರು ಗುಡ್ಡದ ಮೇಲೆ ಕುರಿ ಅಟ್ಟಲು, ಬೇಲಿ ನೋಡಿಕೊಂಡು ಬರಲು ಇದನ್ನು ಬಳಸುತ್ತಾರೆ. ಸಿಯೆಂ ರೀಪ್‌ನಲ್ಲಿ ರಸ್ತೆ ಬಿಟ್ಟು ಇಳಿದರೆ ಸಿಗುವುದು ಯಾರದೋ ಗದ್ದೆ, ಯಾರದೋ ಬದು. ಆದ್ದರಿಂದ ರಸ್ತೆಯೇ ಬೇಡದ ಈ ಗಾಡಿ ಇಡೀ ಸವಾರಿ ರಸ್ತೆಯ ಮೇಲೆಯೇ, ಸೈಕಲ್ಲಿಗಿಂತ ಕೊಂಚ ವೇಗವಾಗಿ ಸಾಗುತ್ತದೆ.

ರೈತನ ಗಾಡಿಯ ಮೇಲೆ ಪ್ರವಾಸಿ ಕೂತಿದ್ದಾನೆ, ಸರಿ. ರೈತ ಎಲ್ಲಿ? ಆತ ಎದುರಿಗೆ ಪವರ್ ಟಿಲ್ಲರಿಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದಾನೆ. ಖ್ಮೇರ್ ಭಾಷೆಯಲ್ಲಿ ಅದಕ್ಕೆ ಕೋಯನ್ ಎನ್ನುತ್ತಾರೆ. ಪದದ ಮೂಲ ಹುಡುಕಿದರೆ ಅದು ನಮ್ಮ ಗೋವು ಮತ್ತು ನಮ್ಮ ಯಂತ್ರ ಕೂಡಿದ ಗೋಯಂತ್ರವೇ. ಉಳುವಾಗ ಎತ್ತು, ನೀರೆತ್ತುವಾಗ ಪಂಪು, ಮದುವೆಗೆ ಹೊರಟಾಗ ಬಸ್ಸು. ಅದರ ಗಾಡಿಯ ಮೇಲೆ ಹುಲ್ಲಿನ ಹೊರೆ, ಹೊರೆಯ ಮೇಲೆ ಮೂವರು ಹುಡುಗರು. ಸೂರ್ಯಾಸ್ತ ಅವರಿಗೇ ಚೆನ್ನಾಗಿ ಕಾಣುತ್ತದೆ: ಎತ್ತರದ ಜಾಗ, ಬಿಚ್ಚು ಮೂಗು.

ಇನ್ನು ಯಾವ ತಿಂಗಳಲ್ಲಿ ಹೋಗಬೇಕೆಂಬ ವಿಚಾರ. ಜಾಹೀರಾತಿನ ಚಿತ್ರದಲ್ಲಿ ಗದ್ದೆ ಹಸಿರೋ ಹಸಿರು. ಅದು ಮಳೆಗಾಲದ ಹಸಿರು. ಅಲ್ಲಿ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ನಾಟಿ ಮಳೆಯ ನಡುವೆ, ಕೊಯ್ಲು ನವೆಂಬರ್‌ನಿಂದ. ಪ್ರವಾಸಿಗಳ ನೂಕುನುಗ್ಗಲು ನವೆಂಬರ್‌ನಿಂದ ಫೆಬ್ರವರಿವರೆಗೆ. ಗದ್ದೆ ಹಸಿರಾಗಿದ್ದಾಗ ಜನರಿಲ್ಲ, ಜನ ಬಂದಾಗ ಗದ್ದೆಯಲ್ಲಿ ಕೂಳೆ. ಜನವರಿ ಕೊನೆಗೆ ಹೋದವರಿಗೆ ಸಿಗುವುದು ಒಣಗಿದ ಬೇರು, ಮೇಯುವ ದನ, ಅಲ್ಲೊಂದು ಇಲ್ಲೊಂದು ತಾಳೆಮರ. ಹಸಿರೇ ಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಹೋಗಿ. ಆಗ ಧೂಳಿನ ಬದಲು ಕೆಸರು ಸಿಗುತ್ತದೆ.

ಹೊರಡುವ ಮುನ್ನ ಅಂಗಳದಲ್ಲಿ ಹತ್ತು ನಿಮಿಷದ ವಿದ್ಯಾಭ್ಯಾಸ. ಬೈಕಿಗೆ ಒಗ್ಗಿದ ಕೈ ಬಲಗಡೆಯ ಹಿಡಿಯನ್ನು ತಿರುಚುತ್ತದೆ. ಹಿಡಿ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಆಕ್ಸಿಲರೇಟರ್ ಇರುವುದು ಹೆಬ್ಬೆರಳಿನ ಕೆಳಗಿನ ಪುಟ್ಟ ಲಿವರಿನಲ್ಲಿ. ಗುಂಡಿಗೆ ಬಿದ್ದಾಗ ಮನುಷ್ಯ ಹಿಡಿಯನ್ನು ಬಿಗಿಹಿಡಿಯುತ್ತಾನೆ, ಬಿಗಿಹಿಡಿದರೆ ಹೆಬ್ಬೆರಳು ಒತ್ತುತ್ತದೆ, ಒತ್ತಿದರೆ ಗಾಡಿ ಮುಂದಿನ ಗುಂಡಿಗೆ ಹಾರುತ್ತದೆ. ನಾಲ್ಕು ಬೆರಳಿನಿಂದ ಹಿಡಿಯನ್ನು ಸಡಿಲವಾಗಿ ಹಿಡಿದು ಹೆಬ್ಬೆರಳನ್ನು ಲಿವರಿನಿಂದ ಎತ್ತುವುದನ್ನು ಅಂಗಳದಲ್ಲೇ ಕಲಿತುಕೊಳ್ಳಬೇಕು. ಲಿವರಿನ ಗೂಡಿನ ಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಲಿವರಿನ ಓಟ ಕಡಿಮೆ. ಗಿರಾಕಿಯ ವೀರಾವೇಶಕ್ಕೆಲ್ಲ ಆ ಒಂದು ಸ್ಕ್ರೂ ಮಿತಿ ಹಾಕಿರುತ್ತದೆ. ನಿಮ್ಮದು ಗೈಡಿನ ಗಾಡಿಯಷ್ಟು ಓಡುತ್ತಿಲ್ಲವೆಂದು ಕಂಪನಿಯನ್ನು ಬೈಯಬೇಡಿ. ಸ್ಕ್ರೂ ತಿರುಗಿಸಿದವನಿಗೆ ಬುದ್ಧಿಯಿದೆ.

ತಿರುವಿನ ಕಥೆ ಬೇರೆ. ಇಂಥ ಬಾಡಿಗೆ ಕ್ವಾಡುಗಳಲ್ಲಿ ಬಹುಪಾಲಿನ ಹಿಂದಿನ ಎರಡು ಚಕ್ರಗಳಿಗೆ ಒಂದೇ ಗಟ್ಟಿ ಅಚ್ಚು, ಡಿಫರೆನ್ಷಿಯಲ್ ಇಲ್ಲ. ಅದು ಇರುವ ಕಾರು ತಿರುಗುವಾಗ ಒಳಗಿನ ಚಕ್ರ ನಿಧಾನ, ಹೊರಗಿನದು ಜೋರು. ಇಲ್ಲಿ ಎರಡೂ ಒಂದೇ ವೇಗ. ಹ್ಯಾಂಡಲ್ ಬಲಕ್ಕೆ ತಿರುಗಿಸಿದರೂ ಹಿಂದಿನ ಚಕ್ರಗಳು ನೇರಕ್ಕೇ ತಳ್ಳುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಜಪಾನಿನವರು ಕಬ್ಬಿಣದಲ್ಲಿ ಎರಕ ಹೊಯ್ದದ್ದು ಹೀಗೆ. ಮೈಯನ್ನು ತಿರುವಿನ ಒಳಕ್ಕೆ ಬಾಗಿಸಿ, ಭಾರವನ್ನು ಹೊರಗಿನ ಕಾಲಿನ ಮೇಲೆ ಹಾಕಿದರೆ ಒಳಚಕ್ರ ಹಗುರಾಗಿ ಜಾರುತ್ತದೆ, ಗಾಡಿ ತಿರುಗುತ್ತದೆ. ಸೋಫಾದಂತೆ ಕೂತವರು ನೇರವಾಗಿ ಯಾರದೋ ಬಾಳೆಗಿಡಕ್ಕೆ ಹೋಗುತ್ತಾರೆ.

ಕಾಲಿನ ವಿಷಯದಲ್ಲಿ ತಮಾಷೆಯಿಲ್ಲ. ಬೈಕಿನವರಿಗೆ ಬ್ರೇಕ್ ಹಾಕಿದ ಕೂಡಲೇ ಕಾಲು ನೆಲಕ್ಕಿಡುವ ರೂಢಿ. ಕ್ವಾಡಿನಲ್ಲಿ ಹಿಮ್ಮಡಿಯ ಬೆನ್ನಿಗೇ ಹಿಂಚಕ್ರ. ಗಾಡಿ ಇನ್ನೂ ಉರುಳುತ್ತಿರುವಾಗ ಇಳಿಸಿದ ಕಾಲನ್ನು ಅದು ಅಡಿಗೆ ಎಳೆದುಕೊಳ್ಳುತ್ತದೆ. ನಾಲ್ಕು ಚಕ್ರದ ಗಾಡಿ ನಿಮ್ಮ ಆಸರೆಯಿಲ್ಲದೆ ನಿಲ್ಲಬಲ್ಲದು. ಇನ್ನು, ಒಬ್ಬರಿಗೆಂದು ಮಾಡಿದ ಗಾಡಿಯ ಮಡ್‌ಗಾರ್ಡಿನ ಮೇಲೆ ಸಾಮಾನ್ಯವಾಗಿ ಎರಡು ಎಚ್ಚರಿಕೆ ಅಂಟಿಸಿರುತ್ತಾರೆ: ಹಿಂದೆ ಯಾರನ್ನೂ ಕೂರಿಸಬೇಡಿ, ಹದಿನಾರರೊಳಗಿನವರಿಗೆ ಕೊಡಬೇಡಿ. ಸೆಲ್ಫಿಯಲ್ಲಿ ಈ ಎಚ್ಚರಿಕೆ ಸರಿಯಾಗಿ ಹಿಂದೆ ಕೂತ ಮಗುವಿನ ಮೊಣಕಾಲ ಪಕ್ಕದಲ್ಲಿ ಬರುತ್ತದೆ. ನಿಮ್ಮ ಟ್ರಾವೆಲ್ ಇನ್ಶೂರೆನ್ಸಿನ ಸಣ್ಣಕ್ಷರವನ್ನೂ ಅಂದೇ ಓದಿಕೊಂಡರೆ ಒಳ್ಳೆಯದು. ಅನೇಕ ಪಾಲಿಸಿಗಳು ಕ್ವಾಡನ್ನು ಹೆಸರು ಹಿಡಿದೇ ಹೊರಗಿಟ್ಟಿರುತ್ತವೆ.

ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಕೊಂಚ ತಗ್ಗಬೇಕು. ಸ್ಕೂಟರಿನ ಟೈರಿಗೆ ಇಪ್ಪತ್ತರ ಮೇಲೆ ಪಿಎಸ್‌ಐ ಗಾಳಿಯೊತ್ತಡ ಬೇಕಾದರೆ ಇದಕ್ಕೆ ಮೂರರಿಂದ ಏಳರೊಳಗೆ ಸಾಕು. ಮಾಮೂಲಿ ಗೇಜಿನಲ್ಲಿ ಅಷ್ಟು ಕಡಿಮೆ ಒತ್ತಡ ಸರಿಯಾಗಿ ತೋರುವುದಿಲ್ಲವಾದ್ದರಿಂದ ಅಂದಾಜಿನ ಮೇಲೆ ತುಂಬುತ್ತಾರೆ. ಹೆಚ್ಚಾದರೆ ಗಾಡಿ ಚೆಂಡಿನ ಹಾಗೆ ಪುಟಿದು ಸೊಂಟದ ಲೆಕ್ಕ ತೆಗೆಯುತ್ತದೆ.

ಇಷ್ಟೆಲ್ಲ ಪೀಠಿಕೆ. ನಿಜವಾದ ಪ್ರಶ್ನೆ ಒಂದೇ: ಸಾಲಿನಲ್ಲಿ ನೀವು ಎಷ್ಟನೆಯವರು?

ಸಿಯೆಂ ರೀಪ್ ಸುತ್ತಿನ ಹಳ್ಳಿರಸ್ತೆಗಳದ್ದು ಕೆಂಪು ಮುರ್ರಮಣ್ಣು. ಬೇಸಿಗೆಯಲ್ಲಿ ಅದು ಅರಿಶಿನದಷ್ಟು ನುಣುಪಾದ ಪುಡಿ. ಮೊದಲ ಗಾಡಿ ಗೈಡಿನದು. ಅವರೊಬ್ಬರಿಗೆ ತಾಳೆಮರ, ಕೊಕ್ಕರೆ, ಆಕಾಶ ಎಲ್ಲವೂ ಕಾಣುತ್ತದೆ. ದಿನವೂ ನೋಡುವ ಅವರಿಗೆ ಅದು ಬೇಕಾಗಿಲ್ಲ. ಎರಡನೆಯವರಿಗೆ ಗೈಡಿನ ಬೆನ್ನು, ಮೂರನೆಯವರಿಗೆ ಎರಡನೆಯವರ ಬೆನ್ನಿನ ಅಂದಾಜು. ಏಳನೆಯವರು ಹೋಗುವುದು ನಂಬಿಕೆಯ ಬಲದಿಂದ. ಗಾಡಿಗೂ ಗಾಡಿಗೂ ಇಪ್ಪತ್ತು ಮೀಟರ್ ಬಿಟ್ಟರೆ ಧೂಳು ಅರ್ಧ ಕೂರುತ್ತದೆ. ಆದರೆ ಮುಂದಿನವರು ಕಾಣದಿದ್ದರೆ ಕಳೆದುಹೋಗುವ ಭಯ. ಭಯಕ್ಕೆ ಹತ್ತಿರ ಹೋಗುತ್ತಾರೆ, ಹತ್ತಿರ ಹೋದಷ್ಟೂ ಕಾಣುವುದಿಲ್ಲ.

ಗಾಳಿಯ ಲೆಕ್ಕವೂ ಇದೆ. ಪ್ರವಾಸಿಗಳು ನುಗ್ಗುವ ತಿಂಗಳುಗಳಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಸೂರ್ಯ ಮುಳುಗುವುದು ಪಶ್ಚಿಮದಲ್ಲಿ, ಅವನು ಜಾಗ ಬದಲಿಸುವವನಲ್ಲ. ಸಾಲು ಪಶ್ಚಿಮಕ್ಕೆ ಹೊರಟಾಗ ಗಾಳಿ ಬೆನ್ನಿಗೆ, ಎದ್ದ ಧೂಳೂ ಅದೇ ದಿಕ್ಕಿಗೆ ಸಂಗಡ ಬರುತ್ತದೆ. ಅಡ್ಡಗಾಳಿ ಸಿಗುವ ವಾಯವ್ಯ-ಆಗ್ನೇಯದ ರಸ್ತೆಯಲ್ಲಿ ಮಾತ್ರ ಉಸಿರಾಡಬಹುದು. ಹೋಗುವ ದಿಕ್ಕು ಕೇಳಿಕೊಂಡು ಎರಡನೆಯ ಜಾಗಕ್ಕೆ ಜಗಳವಾಡಿ.

ಧೂಳಿಗೆ ಪರಿಹಾರವಾಗಿ ಎಂಜಿನ್ನಿಗೆ ಎಣ್ಣೆ ಸವರಿದ ಸ್ಪಂಜಿನ ಫಿಲ್ಟರ್ ಇದೆ, ನಿಮಗೆ ತೆಳ್ಳನೆಯ ನೀಲಿ ಮಾಸ್ಕ್ ಇದೆ. ಸ್ಪಂಜನ್ನು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ ಕೂರಿಸುತ್ತಾರೆ, ಯಾಕೆಂದರೆ ಎಂಜಿನ್ ಬದಲಾಯಿಸಲು ದುಡ್ಡು ಬೇಕು. ಗಿರಾಕಿ ಬದಲಾಗುತ್ತಲೇ ಇರುತ್ತಾನೆ. ನೀಲಿ ಮಾಸ್ಕಿನ ಎರಡು ಬದಿಯ ಸಂದಿಯಲ್ಲೇ ಅರ್ಧ ಹಳ್ಳಿ ಒಳಬರುತ್ತದೆ. ಅದಕ್ಕಿಂತ ಅಲ್ಲಿನ ಕ್ರಮಾ ವಾಸಿ: ನಮ್ಮ ಚೌಕಳಿ ಟವೆಲಿನಂಥ ಹತ್ತಿಯ ಬಟ್ಟೆ, 2024ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿದ್ದು. ಒದ್ದೆ ಮಾಡಿ ಎರಡು ಮಡಿಕೆ ಸುತ್ತಿ. ಕಣ್ಣಿಗೆ ಮುಚ್ಚಿದ ಗಾಗಲ್ ಇರಲಿ, ಕಾಂಟ್ಯಾಕ್ಟ್ ಲೆನ್ಸ್ ಹೋಟೆಲಿನಲ್ಲೇ ಇರಲಿ.

ರಸ್ತೆಬದಿಯ ಮನೆಯವರಿಗೆ ಮಾಸ್ಕ್ ಕೊಟ್ಟವರಿಲ್ಲ. ಕೊಯ್ಲಾದ ಮೇಲೆ ಭತ್ತವನ್ನು ರಸ್ತೆಯಂಚಿಗೆ ಟಾರ್ಪಾಲ್ ಹಾಸಿ ಒಣಗಿಸುತ್ತಾರೆ, ಸವಾರಿ ಅದರ ಪಕ್ಕದಲ್ಲೇ. ಫೆಬ್ರವರಿ ಹೊತ್ತಿಗೆ ಬಾಳೆ ಎಲೆಯೂ ಕೆಂಪು, ಒಣಹಾಕಿದ ಬಿಳಿ ಅಂಗಿಯೂ ಕೆಂಪು. ಮನೆಯವರು ಮನೆಯ ಮುಂದಿನ ರಸ್ತೆಗೆ ನೀರು ಚಿಮುಕಿಸುತ್ತಾರೆ. ನೀರೆರಚಿ ಸ್ವಾಗತಿಸುತ್ತಿದ್ದಾರೆಂದು ಭಾವಿಸಿ ಕೆಲವರು ಕೈ ಮುಗಿಯುವುದುಂಟು.

ನಮ್ಮವರಿಗೆ ಪ್ರತ್ಯೇಕವಾಗಿ ಒಂದು ಮಾತು. ಕಾಂಬೋಡಿಯಾದಲ್ಲಿ ಗಾಡಿ ಬಲಗಡೆ ಓಡಬೇಕು. ನೆಮ್ಮದಿಯಾಗಿ ಹೋಗುವಾಗ ಇದು ನೆನಪಿರುತ್ತದೆ. ಎದುರಿಗೆ ಹುಲ್ಲು ಹೊತ್ತ ಗೋಯಂತ್ರ ದಿಢೀರನೆ ಬಂದಾಗ ಕೈ ತನ್ನ ಹುಟ್ಟೂರಿನ ಕಡೆಗೆ, ಎಡಕ್ಕೆ, ಎಳೆಯುತ್ತದೆ. ಅದೂ ಅದೇ ಕಡೆಗೆ ಬರುತ್ತಿರುತ್ತದೆ. ಎದುರು ವಾಹನ ಕಂಡರೆ ಮೊದಲು ಹೆಬ್ಬೆರಳು ಎತ್ತಿ, ಆಮೇಲೆ ಬಲಕ್ಕೆ ಸರಿಯಿರಿ.

ಮಳೆಗಾಲದ ಕೆಸರಿಗೆ ಬಂದರೆ, ಕೆಸರು ಹಾರಿಸುವ ಆಸೆಯಲ್ಲಿ ಆಳವಾದ ನೀರಿಗೆ ಇಳಿಸಬೇಡಿ. ಗೇರಿನ ಬದಲು ಇರುವ ರಬ್ಬರ್ ಬೆಲ್ಟಿನ ಪೆಟ್ಟಿಗೆಗೆ ನೀರು ಹೊಕ್ಕರೆ ಬೆಲ್ಟ್ ಜಾರುತ್ತದೆ. ಎಂಜಿನ್ ಅರಚುತ್ತದೆ, ಗಾಡಿ ಅಲ್ಲೇ ಇರುತ್ತದೆ, ಕೊನೆಗೆ ಗೈಡ್ ಇಳಿದು ತಳ್ಳುತ್ತಾರೆ. ಅವರನ್ನು ಬಾಂಗ್ ಎಂದು ಕರೆಯಿರಿ, ಅಲ್ಲಿ ಅಣ್ಣನಿಗೂ ಅಕ್ಕನಿಗೂ ಅದೇ ಮಾತು. ಮೊಣಕಾಲುದ್ದದ ಕೆಸರಿನಲ್ಲಿ ನಿಂತವರಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಬಾಲಿಯ ಉಬುದ್ ಕಡೆ ಈ ವಿದ್ಯೆ ಇನ್ನೂ ಮುಂದುವರಿದಿದೆ. ಅಲ್ಲಿ ಕೆಸರನ್ನು ಕಾಯುವುದಿಲ್ಲ, ತಯಾರಿಸುತ್ತಾರೆ.

ಮಕ್ಕಳು ಹಲೋ ಎನ್ನುತ್ತಾ ರಸ್ತೆಗೆ ಓಡಿಬಂದು ಕೈ ಚಾಚುತ್ತಾರೆ. ಕೈ ತಟ್ಟಲು ಹೋಗಬೇಡಿ; ಚಲಿಸುವ ಗಾಡಿಯ ಪಕ್ಕಕ್ಕೆ ಮಗುವನ್ನು ಕರೆಯುವ ಆಟ ಅದು. ಕೆಲವು ಸವಾರಿಗಳಲ್ಲಿ ನಡುವೆ ಶಾಲೆಯನ್ನೋ ಅನಾಥಾಲಯವನ್ನೋ ತೋರಿಸುವ ಪರಿಪಾಠವಿತ್ತು. ಕಾಂಬೋಡಿಯಾದ ಅನಾಥಾಲಯಗಳ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಎಂಬುದು ಬಹಳ ಹಿಂದೆಯೇ ಬಯಲಾದ ಮಾತು. ಪಟ್ಟಿಯಲ್ಲಿ ಆ ನಿಲ್ದಾಣ ಕಂಡರೆ ಸವಾರಿಯನ್ನೇ ಬಿಡಿ.

ಕೊನೆಗೆ ಆ ಮುಹೂರ್ತ. ಬಯಲಿನಲ್ಲಿ ಗಾಡಿಗಳು ನಿಲ್ಲುತ್ತವೆ. ಬೇರೆ ಬೇರೆ ಕಂಪನಿಗಳ ಸಾಲುಗಳೂ ಹತ್ತಿರದಲ್ಲೇ ನಿಂತಿರುತ್ತವೆ, ಎಲ್ಲರಿಗೂ ಅದೇ ತಾಳೆಮರ. ಗೈಡ್ ನಿಮ್ಮ ಫೋನು ಪಡೆದು, ಅಂಗೈ ಮೇಲೆ ಸೂರ್ಯ ಕೂರುವಂತೆ ನಿಲ್ಲಿಸಿ, ಹತ್ತು ಫೋಟೋ ತೆಗೆಯುತ್ತಾರೆ. ಅವರಿಗೆ ಆ ಕೋನ ಕಣ್ಣುಮುಚ್ಚಿದರೂ ಬರುತ್ತದೆ. ಅಷ್ಟರಲ್ಲಿ ಹಿಂದೆ ಬಂದ ಸಾಲಿನ ಧೂಳು ಬೆಳಕಿಗೆ ಅಡ್ಡ ತೇಲಿ ಸೂರ್ಯನನ್ನು ಹೊಂಬಣ್ಣಕ್ಕೆ ತಿರುಗಿಸುತ್ತದೆ. ಫೋಟೋ ಅದ್ಭುತವಾಗಿ ಬರುತ್ತದೆ. ಕೆಳಗೆ ಬರೆದುಕೊಳ್ಳುವುದು, ಹಳ್ಳಿಯ ಶುದ್ಧ ಗಾಳಿ.

ಮುಳುಗಿದ ಮೇಲೆ ಅಲ್ಲಿ ಕತ್ತಲೆ ಬೇಗ ಬೀಳುತ್ತದೆ. ಮರಳುವಾಗ ಹೆಡ್‌ಲೈಟಿನ ಬೆಳಕು ಧೂಳಿಗೆ ಬಡಿದು ಎದುರಿಗೊಂದು ಕೆಂಪು ಗೋಡೆ ನಿಲ್ಲಿಸುತ್ತದೆ. ಡಿಪ್ ಮಾಡಿ, ನಿಧಾನಿಸಿ, ಗೋಡೆಯೊಳಗಿಂದ ಎಮ್ಮೆ ಹೊರಬರುತ್ತದೆಂದೇ ಎಣಿಸಿ.

ಅಂಗಳಕ್ಕೆ ಬಂದು ಇಳಿದಾಗ ಕನ್ನಡಕ ತೆಗೆದ ಜಾಗವೊಂದು ಬಿಟ್ಟು ಮಿಕ್ಕೆಲ್ಲ ಇಟ್ಟಿಗೆ ಬಣ್ಣ. ಗೈಡಿಗೆ ಇನಾಮು ಕೊಡಬೇಕೆಂದು ಜೇಬಿನಿಂದ ಐದು ಡಾಲರಿನ ನೋಟು ತೆಗೆಯುತ್ತೀರಿ. ಅವರು ಅದನ್ನು ದೀಪಕ್ಕೆ ಹಿಡಿದು, ಅಂಚಿನಲ್ಲೊಂದು ಕಾಳಿನಷ್ಟು ಹರಿದಿರುವುದನ್ನು ತೋರಿಸಿ, ಬಹಳ ನಯವಾಗಿ ಹಿಂದಕ್ಕೆ ಕೊಡುತ್ತಾರೆ. ಕಾಂಬೋಡಿಯಾದಲ್ಲಿ ಹರಿದ ಡಾಲರ್ ನಡೆಯುವುದಿಲ್ಲ. ಬೇರೆ ನೋಟು ಇದೆಯೇ, ಬಾಂಗ್? ಸ್ವಲ್ಪ ಚೊಕ್ಕಟವಾಗಿರುವುದು?