ಇನ್ನು ಸ್ವಲ್ಪ ಹಾಕಿದ್ರೆ

ಕಂಪ್ಯೂಟರಿನಲ್ಲಿ ಆಟದ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡುಗಳಲ್ಲೂ ಮಧ್ಯಮ ವರ್ಗ ಅಂತ ಒಂದಿದೆ. ಎನ್ವಿಡಿಯಾ ಕಂಪನಿಯ ಕಾರ್ಡಾದರೆ ಹೆಸರಿನ ಕೊನೆಯಲ್ಲಿ 60 ಇದೆಯಾ ನೋಡಿ. ಇದ್ದರೆ ಅದು ನಮ್ಮ ಪೈಕಿ. 1060, 2060, 3060, 4060, ಈಗ 5060. ಮೊದಲ ಎರಡು ಅಂಕಿ ತಲೆಮಾರು, ಕೊನೆಯ ಎರಡು ಅಂತಸ್ತು. 90 ಅಂದರೆ ಬಂಗಲೆಯವರು, 50 ಅಂದರೆ ತಿಂಗಳ ಕೊನೆಯಲ್ಲಿ ಕೊಳ್ಳುವವರು. ಎದುರಾಳಿ ಕಂಪನಿ ಎಎಂಡಿಯವರು 6600, 7600 ಅಂತ ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದರು. 2025ರಲ್ಲಿ ಅವರೂ 9060 ಎಕ್ಸ್‌ಟಿ ಅಂತ ಹೆಸರಿಟ್ಟು ಈ ಅರವತ್ತರ ಸಾಲಿಗೇ ಬಂದು ನಿಂತರು.

ದುಡ್ಡಿದ್ದವರಿಗೆ ಆಯ್ಕೆಯ ತಲೆನೋವಿಲ್ಲ, ಇರೋದರಲ್ಲಿ ದೊಡ್ಡದು ಕೊಡಿ ಅಂದರೆ ಮುಗಿಯಿತು. ದುಡ್ಡೇ ಇಲ್ಲದವರಿಗೂ ಇಲ್ಲ. ಒದ್ದಾಟವೆಲ್ಲ ನಡುವಿನವರದು. 5060 ತಗೊಳ್ಳೋಣ ಅಂತ ಹೊರಡುತ್ತೇವೆ. ಇನ್ನು ಸ್ವಲ್ಪ ಹಾಕಿದರೆ ಅದಕ್ಕಿಂತ ಚುರುಕಾದ 5060 ಟಿಐ ಬರುತ್ತದೆ. ಅದಕ್ಕೆ ಇನ್ನು ಸ್ವಲ್ಪ ಸೇರಿಸಿದರೆ ಅದರದ್ದೇ 16 ಜಿಬಿ ಮೆಮೊರಿಯದ್ದು ಬರುತ್ತದೆ. ಅಷ್ಟು ಹಾಕಿದ ಮೇಲೆ 5070 ಏನು ಮಹಾ ದೂರ? ಹೀಗೆ ರಾತ್ರಿ ಮಲಗುವಾಗ ಮನಸ್ಸು ಐದು ಮಹಡಿ ಹತ್ತಿರುತ್ತದೆ, ಬ್ಯಾಂಕ್ ಖಾತೆ ಮಾತ್ರ ಕೆಳಗೆ ಗೇಟಿನ ಹತ್ತಿರವೇ ನಿಂತಿರುತ್ತದೆ.

ಈ ಮೆಮೊರಿ ವಿಷಯದಲ್ಲಿ ಕಂಪನಿಗಳು ನಮ್ಮ ಜೊತೆ ಆಡುವ ಆಟ ಬೇರೆಯೇ. 5060 ಟಿಐ ಎರಡು ಥರ ಬರುತ್ತದೆ, 8 ಜಿಬಿ ಮತ್ತು 16 ಜಿಬಿ. ಒಳಗಿನ ಚಿಪ್ ಒಂದೇ. 2025ರ ಏಪ್ರಿಲ್‌ನಲ್ಲಿ ಬಂದಾಗ ಅಮೆರಿಕದ ಬೆಲೆ 379 ಮತ್ತು 429 ಡಾಲರ್. 9060 ಎಕ್ಸ್‌ಟಿಯದೂ ಇದೇ ಕಥೆ, 299 ಮತ್ತು 349. ಐವತ್ತು ಡಾಲರ್ ಉಳಿಸೋಣ ಅಂತ 8 ಜಿಬಿ ತಂದರೆ ಹಳೆಯ ಆಟಗಳೆಲ್ಲ ಬೆಣ್ಣೆಯಂತೆ ಓಡುತ್ತವೆ. ಹೊಸ ಆಟ ಹಾಕಿ, ಟೆಕ್ಸ್ಚರ್ ಅಲ್ಟ್ರಾಗೆ ಏರಿಸಿ ನೋಡಿ. ಗೋಡೆ, ಮರ, ಹುಲ್ಲಿನ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಹಿಡಿಸದೆ ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಕೂರುತ್ತವೆ. ಬೇಕಾದಾಗ ಅಲ್ಲಿಂದ ಮದರ್‌ಬೋರ್ಡಿನ ಸ್ಲಾಟ್ ದಾಟಿ ಬರಬೇಕು. 5060 ಟಿಐಯಲ್ಲಂತೂ ಆ ದಾರಿಯೂ ಅಗಲ ಇಲ್ಲ, ಹದಿನಾರರ ಜಾಗದಲ್ಲಿ ಎಂಟೇ ಲೇನ್. ಹಳೆಯ ಮದರ್‌ಬೋರ್ಡ್ ಆದರೆ ಇನ್ನೂ ನಿಧಾನ. ಶತ್ರು ಬಾಗಿಲಿಂದ ಹೊರಬರುವ ಹೊತ್ತಿಗೇ ಚಿತ್ರ ಒಂದು ಕ್ಷಣ ಕಲ್ಲಾಗಿ ನಿಲ್ಲುತ್ತದೆ. ಮತ್ತೆ ಅಲುಗುವಷ್ಟರಲ್ಲಿ ನಾವು ಸತ್ತಿರುತ್ತೇವೆ.

ಒಂದೇ ಹೆಸರಿನಲ್ಲಿ ಎರಡು ಸರಕು ಮಾರುವುದು ಹೊಸದೇನಲ್ಲ. 2016ರ 1060ರಲ್ಲಿ 6 ಜಿಬಿ, 3 ಜಿಬಿ ಅಂತ ಎರಡಿದ್ದವು. ಮೆಮೊರಿ ಅಷ್ಟೇ ಕಮ್ಮಿ ಅಂದುಕೊಂಡರೆ, ಚಿಪ್‌ನ ಕೋರ್‌ಗಳನ್ನೂ 1280ರಿಂದ 1152ಕ್ಕೆ ಇಳಿಸಿದ್ದರು. ಡಬ್ಬದ ಮೇಲೆ ಹೆಸರು ಮಾತ್ರ ಅದೇ. ಇದನ್ನು ನಾನಂತೂ ಮೋಸ ಅಂತಲೇ ಕರೆಯುತ್ತೇನೆ. ಕಾನೂನು ಏನು ಬೇಕಾದರೂ ಅನ್ನಲಿ.

ಇಷ್ಟೆಲ್ಲ ತಿಳಿದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಅಲ್ಲಿನ ಹುಡುಗರ ಮುಂದೆ ನಮ್ಮ ಓದು ನಿಲ್ಲುವುದಿಲ್ಲ. ಹೆಗಲಗಲದ ಅಂಗಡಿ, ಸೂರಿನವರೆಗೂ ಡಬ್ಬ. ಕೌಂಟರಿನ ಹುಡುಗ ಒಂದು ಕಿವಿಯಲ್ಲಿ ಫೋನ್ ಸಿಕ್ಕಿಸಿಕೊಂಡೇ ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸುತ್ತಾನೆ. ಬಾಯಲ್ಲಿ ರೇಟ್ ಹೇಳುವುದಿಲ್ಲ, ಪಕ್ಕದವರಿಗೆ ಕೇಳಿಸಬಾರದಲ್ವಾ? "ಇದರಲ್ಲಿ ಜಿಎಸ್‌ಟಿ ಸೇರಿದೆಯಾ?" ಅಂದರೆ ಮುಖ ನೋಡುತ್ತಾನೆ. ಹದಿನೆಂಟು ಪರ್ಸೆಂಟ್ ಅಂದರೆ ಸುಮ್ನೆ ಅಲ್ಲ. ಆದರೂ ಬಿಲ್ ತಗೊಳ್ಳಲೇಬೇಕು. ನಾಳೆ ವಾರಂಟಿ ಕೇಳಲು ಹೋದಾಗ ಕೈಯಲ್ಲಿರೋದು ಆ ಚೀಟಿ ಒಂದೇ. ಕೊನೆಗೆ ಅವನೂ ಅದೇ ಮಂತ್ರ ಹೇಳುತ್ತಾನೆ: "ಸಾರ್, ಇನ್ನು ಸ್ವಲ್ಪ ಹಾಕ್ಬಿಡಿ, ಐದು ವರ್ಷ ಈ ಕಡೆ ತಲೆ ಹಾಕಲ್ಲ ನೀವು."

ಮೂಲೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡುಗಳೂ ಇರುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಗ್ರಾಫಿಕ್ಸ್ ಕಾರ್ಡು ಬೇಡದ ಪದ್ಧತಿಗೆ ಬದಲಾದ ಮೇಲೆ, ಹಗಲೂ ರಾತ್ರಿ ಮೈನಿಂಗ್ (ಆ ನಾಣ್ಯ ಗಳಿಸುವ ಲೆಕ್ಕ) ಮಾಡಿ ಬೆಂದಿದ್ದ ಕಾರ್ಡುಗಳು ರಾಶಿ ರಾಶಿ ಹೊರಬಂದವು. ಅವುಗಳಲ್ಲಿ ಒಳ್ಳೆಯವೂ ಇದ್ದವು. ಆದರೆ ಯಾವುದು ಅಂತ ಮುಖ ನೋಡಿ ಹೇಳೋಕಾಗಲ್ಲ. ಮಾರುವವನು ಪ್ರತಿಯೊಂದಕ್ಕೂ "ಮನೇಲಿ ಮಗ ಆಡ್ತಿದ್ದ, ಅಷ್ಟೇ" ಅನ್ನುತ್ತಾನೆ.

ಕಾರ್ಡು ಒಂದೇ ಬಂದರೆ ಪರವಾಗಿಲ್ಲ, ಅದು ಬಳಗ ಕಟ್ಟಿಕೊಂಡು ಬರುತ್ತದೆ. 5060 ಟಿಐಗೆ 180 ವಾಟ್ ಬೇಕು. ಸ್ಲಾಟ್ ಕೊಡುವುದು 75 ಮಾತ್ರ, ಮಿಕ್ಕಿದ್ದು ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬವಾದ ಎಸ್‌ಎಂಪಿಎಸ್‌ನಿಂದ ಬೇರೆ ತಂತಿಯಲ್ಲಿ ಬರಬೇಕು. ಕಂಪನಿ ಹೇಳುವುದು 600 ವಾಟಿನ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದನ್ನೇ ಇಟ್ಟುಕೊಂಡು ಮೂರು ಫ್ಯಾನಿನ ಕಾರ್ಡ್ ಸಿಕ್ಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂತೆಯೇ. ಆಮೇಲೆ ಉದ್ದ. ಅಮ್ಮನ ಹೊಲಿಗೆ ಡಬ್ಬದ ಟೇಪ್ ತಂದು ಕ್ಯಾಬಿನೆಟ್ ಒಳಗೆ ಅಳೆಯುತ್ತಿದ್ದರೆ ಅಮ್ಮ ಬಾಗಿಲಲ್ಲಿ ನಿಂತು, "ಅದಕ್ಕೂ ಬಟ್ಟೆ ಹೊಲಿಸ್ತೀಯೇನೋ?" ಅಂದರು.

ಕೊನೆಯದು ಮಾನಿಟರ್. ನನ್ನದು 60 ಹರ್ಟ್ಸ್. ಕಾರ್ಡು ಸೆಕೆಂಡಿಗೆ 140 ಚಿತ್ರ ಬರೆದರೂ ಅದು ಪೂರ್ತಿ ತೋರಿಸುವುದು ಅರವತ್ತನ್ನೇ. ಸರಿ, ಈಗಿನ 1080ಪಿ ಬಿಟ್ಟು 1440ಪಿ ಮಾನಿಟರ್ ತರೋಣ ಅಂದರೆ ಪರದೆಯ ಚುಕ್ಕಿಗಳು 20 ಲಕ್ಷದಿಂದ ಸುಮಾರು 37 ಲಕ್ಷಕ್ಕೆ ಏರುತ್ತವೆ. ಆಗ ಈ ಕಾರ್ಡು ಸಾಲದು ಅನ್ನಿಸಲು ಶುರುವಾಗುತ್ತದೆ. ಹಾಗಾಗಿ ನನ್ನ ತೀರ್ಮಾನ ಇಷ್ಟು: ಅರವತ್ತರ ಸಾಲು ಬಿಟ್ಟು ಮೇಲೆ ನೋಡಬಾರದು, 16 ಜಿಬಿಗಿಂತ ಕೆಳಗೆ ಇಳಿಯಬಾರದು, ಕಾರ್ಡು ಮತ್ತು ಮಾನಿಟರ್ ಒಂದೇ ವರ್ಷ ಕೊಳ್ಳಬಾರದು.

9060 ಎಕ್ಸ್‌ಟಿ ಮನೆಗೆ ಬಂತು. ನನ್ನ ಹಳೆಯ 1060ಕ್ಕೆ ಎನ್ವಿಡಿಯಾದವರು 2025ರ ಅಕ್ಟೋಬರ್‌ಗೇ ಹೊಸ ಆಟಗಳಿಗೆ ಬೇಕಾದ ಡ್ರೈವರ್ ತಂತ್ರಾಂಶ ಕೊಡೋದು ನಿಲ್ಲಿಸಿದ್ದಾರೆ. ಆದರೂ ಮಾರಲು ಮನಸ್ಸಾಗಲಿಲ್ಲ, ಫ್ಯಾನಿನ ಧೂಳು ಬ್ರಶ್‌ನಲ್ಲಿ ತೆಗೆದು ಅಕ್ಕನ ಮಗನಿಗೆ ಕೊಟ್ಟೆ. ಹುಡುಗ ಕುಣಿದಾಡಿಕೊಂಡು ಹೋದ. ಸಂಜೆಗೇ ಅಕ್ಕನ ಫೋನ್: "ಏನೋ ಕೊಟ್ಟು ಕಳಿಸಿದ್ದೀಯ ಇವನಿಗೆ? ಈಗ ಅದೆಂಥದೋ ಎಸ್‌ಎಂಪಿಎಸ್ ಬೇಕೇ ಬೇಕು ಅಂತ ಊಟ ಬಿಟ್ಟು ಕೂತಿದ್ದಾನಲ್ಲೋ!"